ಅಕ್ಕೋರೇ, ಸತ್ತವರ ಬಟ್ಟೆ ಮನೆಯಲ್ಲೇಕೆ?

ಕಾರವಾರದ ನಮ್ಮ ಹಂಚಿನ ಮನೆಯ ಹೊರಕೋಣೆಯಲ್ಲಿ ಹನ್ನೊಂದು ಹಳೆಯ ಸೈನಿಕ ಸಮವಸ್ತ್ರಗಳಿವೆ. ಎಲ್ಲವೂ 1940ರ ದಶಕದಿಂದ 1970ರ ದಶಕದವರೆಗಿನವು. ಮನೆಗೆ ಬಂದವರು ಚಪ್ಪಲಿ ಕಳಚಿ ಒಳಗೆ ಕಾಲಿಟ್ಟೊಡನೆ, ನಾನು ಕುಡಿಯಲು ನೀರು ತರುವುದಕ್ಕೂ ಕಾಯದೆ, ಒಂದೇ ಪ್ರಶ್ನೆ ಕೇಳುತ್ತಾರೆ: "ಅಕ್ಕೋರೇ, ನಿಮ್ಮ ಯಜಮಾನರು ಮಿಲಿಟರಿಯಲ್ಲಿದ್ದರಾ?" ಇರಲಿಲ್ಲ. ಅವರು ವಿದ್ಯುತ್ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನನ್ನ ತಂದೆಯೂ, ಅಣ್ಣತಮ್ಮಂದಿರೂ ಸೈನ್ಯದಲ್ಲಿರಲಿಲ್ಲ. ಇವುಗಳನ್ನು ಹುಡುಕಿದವಳು, ಹಣ ಕೊಟ್ಟವಳು, ಹನ್ನೊಂದನ್ನೂ ಮಳೆಗಾಲದಿಂದ ಮಳೆಗಾಲಕ್ಕೆ ದಾಟಿಸುತ್ತಿರುವವಳು ನಾನು. ಹೆಂಗಸೊಬ್ಬಳ ಮನೆಯ ಗೋಡೆಯ ಮೇಲಿರುವುದು ಅವಳದೇ ಆಸಕ್ತಿಯಾಗಿರಬಹುದು ಎಂದು ಯಾರಿಗೂ ಮೊದಲು ಹೊಳೆಯುವುದಿಲ್ಲ.

ಎರಡನೆಯ ಪ್ರಶ್ನೆ, ದನಿ ತಗ್ಗಿಸಿ ಕೇಳುವಂಥದ್ದು: "ಪೊಲೀಸರು ಏನೂ ಅನ್ನುವುದಿಲ್ಲವೇ?" ಊರ ಪಕ್ಕದಲ್ಲೇ ಕದಂಬ ನೌಕಾನೆಲೆ ಇರುವಾಗ ಈ ಅಂಜಿಕೆ ಸಹಜ, ಆದ್ದರಿಂದ ಇದಕ್ಕೆ ನೇರವಾಗಿಯೇ ಉತ್ತರಿಸುತ್ತೇನೆ. ಸೈನಿಕನಲ್ಲದವನು, ತಾನು ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಅಂಥ ಉಡುಪು ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನ ಪ್ರಕಾರ ಅಪರಾಧ. 3 ತಿಂಗಳವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾನು ಇವನ್ನು ತೊಡುವುದಿಲ್ಲ, ಯಾರಿಗೂ ತೊಡಿಸುವುದಿಲ್ಲ, ಫೋಟೋ ತೆಗೆಸಿಕೊಳ್ಳಲಿಕ್ಕೂ ಕೊಡುವುದಿಲ್ಲ. 2022ರ ಸೇನಾ ದಿನದಂದು ಹೊರಬಂದ ಹೊಸ ಮಾದರಿಯಾಗಲಿ, ಈಗ ಚಾಲ್ತಿಯಲ್ಲಿರುವ ಬೇರೆ ಯಾವುದೇ ಸಮವಸ್ತ್ರವಾಗಲಿ ನನ್ನ ಮನೆಯೊಳಗೆ ಬರುವುದಿಲ್ಲ.

ಮಕ್ಕಳು ಕೇಳುವುದು ಬೇರೆ: "ಗುಂಡು ತಗಲಿದ ತೂತು ಯಾವುದು?" ಗುಂಡಿನ ತೂತು ಒಂದೂ ಇಲ್ಲ. ಕಾಣುವ ತೂತುಗಳೆಲ್ಲ ನುಸಿಯವು. ಹೀಗೆಂದರೆ ಮಕ್ಕಳ ಮುಖ ಬಾಡುತ್ತದೆ, ಅವರನ್ನು ಕರೆತಂದ ಹಿರಿಯರ ಮುಖ ಇನ್ನೂ ಹೆಚ್ಚು ಬಾಡುತ್ತದೆ. ನೌಕಾಪಡೆಯ ಬಿಳಿ ಅಂಗಿಯ ಮುಂದೆ ನಿಂತವರು, "ಅಂಜದೀವಕ್ಕೆ ಹೋದವರದ್ದಾ?" ಎನ್ನುತ್ತಾರೆ. 1961ರ ಡಿಸೆಂಬರಿನ ಗೋವಾ ಕಾರ್ಯಾಚರಣೆಯಲ್ಲಿ ನಮ್ಮ ಕಣ್ಣೆದುರಿನ ಆ ದ್ವೀಪದಲ್ಲಿ ನೌಕಾಪಡೆಯ 7 ಮಂದಿ ಸತ್ತರು. ನನ್ನಲ್ಲಿರುವ ಅಂಗಿ ಅವರಾರದೂ ಅಲ್ಲ, ದಡದ ಮೇಲೆ ಉಗ್ರಾಣದ ಲೆಕ್ಕ ಬರೆಯುತ್ತಿದ್ದ ಒಬ್ಬರದ್ದು. ಹೌದು ಎಂದುಬಿಟ್ಟರೆ ಬಂದವರಿಗೆ ಸಂತೋಷವಾಗುತ್ತದೆ, ನಿಜ. ಆದರೆ ಅಂಗಿಯ ಕೆಳಗಿನ ಚೀಟಿಯಲ್ಲಿ ಒಂದು ಸುಳ್ಳು ಬರೆದರೆ ಉಳಿದ ಹತ್ತು ಚೀಟಿಗಳನ್ನು ಯಾರು ನಂಬಬೇಕು?

ಇವೆಲ್ಲವನ್ನೂ ಸಹಿಸಿಕೊಳ್ಳಬಲ್ಲೆ. ಸಹಿಸಲಾಗದ್ದು ಈ ಬರಹದ ತಲೆಬರಹದಲ್ಲಿರುವ ಮಾತು. ಮೊದಲನೆಯದಾಗಿ ಅದು ತಪ್ಪು: ಹನ್ನೊಂದರಲ್ಲಿ ನಾಲ್ಕನ್ನು ತೊಟ್ಟವರೇ ತಮ್ಮ ಕೈಯಾರೆ ಕೊಟ್ಟಿದ್ದಾರೆ, ಅವರಲ್ಲಿ ಇಬ್ಬರು ಇಂದಿಗೂ ಬೆಳಿಗ್ಗೆ ಕಡಲತೀರದಲ್ಲಿ ನಡೆದಾಡುತ್ತಾರೆ. ಎರಡನೆಯದಾಗಿ, ಹೀಗೆ ಕೇಳುವವರ ಮನೆಯ ಗೋಡೆಯ ಮೇಲೆ ಸತ್ತವರ ಫೋಟೋ ಇರುತ್ತದೆ, ಅದಕ್ಕೆ ಗಂಧದ ಹಾರವೂ ಇರುತ್ತದೆ. ಮುಖದ ಚಿತ್ರ ಇರಬಹುದು, ಅದೇ ಮನುಷ್ಯನ ಬೆವರು ಕುಡಿದ ಅಂಗಿ ಇರಬಾರದು ಎಂಬುದು ಎಲ್ಲಿಯ ನ್ಯಾಯವೋ ನನಗೆ ಅರ್ಥವಾಗಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಅಂಕೋಲೆಯ ಕಡೆಯ ನೆಂಟರೊಬ್ಬರು, ನನ್ನನ್ನು ಅತ್ತಿಗೆ ಎಂದು ಕರೆಯುವವರು, ಬಾಗಿಲಲ್ಲೇ ನಿಂತು, "ಅತ್ತಿಗೆ, ಸತ್ತವರ ಬಟ್ಟೆಯನ್ನು ಹೊಳೆಗೆ ಬಿಡುತ್ತಾರೆ, ಗೋಡೆಗೆ ಹಾಕುವುದಿಲ್ಲ. ಕಥೆ ಮುಗಿಯುವ ತನಕವಾದರೂ ಒಂದು ಚಾದರ ಮುಚ್ಚಿಡಿ" ಎಂದರು. ನಾನು ಮುಚ್ಚಲಿಲ್ಲ. ಭಟ್ಟರಿಗೇ ಇಲ್ಲದ ಅಡ್ಡಿ ನಿಮಗೇಕೆ ಎಂದು, ಬೇಕಾದದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಪೂಜೆ ಮುಗಿದು ಎಲ್ಲರೂ ಊಟಕ್ಕೆ ಕುಳಿತಾಗ ಅವರೇ ಮಾತು ತೆಗೆದರು. ಅವರ ಅಜ್ಜ ಎರಡನೇ ಮಹಾಯುದ್ಧದಲ್ಲಿ ಮರಾಠಾ ಪಲ್ಟನ್ನಿನೊಂದಿಗೆ ಇಟಲಿಗೆ ಹೋಗಿದ್ದರಂತೆ. ಮರಳಿ ಬರುವಾಗ ಮೊಣಕಾಲಿನ ಕೆಳಗೆ ಇಳಿಯುವ ಉಣ್ಣೆಯ ದೊಡ್ಡ ಕೋಟೊಂದನ್ನು ತಂದಿದ್ದರಂತೆ. ಅಂಕೋಲೆಯ ಸೆಕೆಗೆ ಅದನ್ನು ತೊಡುವವರಾರು? ಅಜ್ಜ ತೀರಿಕೊಂಡ ಮೇಲೆ ಮನೆಯವರು ಅದನ್ನು ಗದ್ದೆಯ ಬೆರ್ಚಪ್ಪನಿಗೆ ತೊಡಿಸಿದರು. "ಎರಡು ರಾತ್ರಿ ಹಂದಿ ಬರಲಿಲ್ಲ ಅತ್ತಿಗೆ. ಮೂರನೆಯ ರಾತ್ರಿ ಬಂದವು." ಇಡೀ ಪಂಕ್ತಿ ನಕ್ಕಿತು, ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಅನ್ನಕ್ಕೆ ಕೈ ಹಾಕಲಾಗಲಿಲ್ಲ.

ಮಳೆಗೆ ನೆನೆದು ನೆನೆದು, ದೀಪಾವಳಿಯ ಹೊತ್ತಿಗೆ ಆ ಕೋಟು ಕೊಳೆತು ಉದುರಿತ್ತಂತೆ. ಅಜ್ಜ ಇಟಲಿಯಲ್ಲಿ ಯಾವ ಊರು ಕಂಡರು, ಯಾವ ಬೆಟಾಲಿಯನ್ನಿನಲ್ಲಿದ್ದರು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. "ಅಲ್ಲಿ ಬಹಳ ಚಳಿ" ಎಂಬ ಒಂದು ಮಾತು ಮಾತ್ರ ಉಳಿದಿದೆ. ಅದೇ ರೆಜಿಮೆಂಟಿನ ನಾಯಕ್ ಯಶವಂತ ಘಾಡಗೆ 1944ರ ಜುಲೈ 10ರಂದು ಇಟಲಿಯ ಟೈಬರ್ ಕಣಿವೆಯಲ್ಲಿ, ತನ್ನ ತುಕಡಿಯವರೆಲ್ಲ ಬಿದ್ದ ಮೇಲೆ, ಒಬ್ಬನೇ ಮುನ್ನುಗ್ಗಿ ಮಷೀನ್‌ಗನ್ ನೆಲೆಯನ್ನು ಹಿಡಿದು, ಅಲ್ಲೇ ಗುಂಡು ತಗಲಿ ಸತ್ತು ವಿಕ್ಟೋರಿಯಾ ಕ್ರಾಸ್ ಪಡೆದ ಸಂಗತಿ ದಾಖಲೆಗಳಲ್ಲಿದೆ. ನಮ್ಮ ಚೆಂಡಿಯಾದಲ್ಲಿ ಹುಟ್ಟಿ, 1948ರ ಏಪ್ರಿಲಿನಲ್ಲಿ ನೌಶೇರಾ–ರಜೌರಿ ದಾರಿಯ ನೆಲಬಾಂಬುಗಳನ್ನು ತೆಗೆದು ಪರಮವೀರ ಚಕ್ರ ಪಡೆದ ರಾಮಾ ರಾಘೋಬಾ ರಾಣೆಯವರಿಗೆ ಕಡಲತೀರದಲ್ಲಿ ಪ್ರತಿಮೆಯಿದೆ, ಇರಲೇಬೇಕು. ಪದಕ ಬಾರದೆ ಜೀವಂತ ಮರಳಿ, ಗದ್ದೆ ಮಾಡಿ, ಮುದುಕರಾಗಿ ಸತ್ತ ಅಜ್ಜನಂಥವರದ್ದು ಉಳಿಯುವುದಿದ್ದರೆ ಇಂಥ ಕೋಟಿನಲ್ಲಿ ಮಾತ್ರ. ನಾನು ಸಂಗ್ರಹಿಸುವುದು ಇವರನ್ನು. ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ.

ನನ್ನನ್ನು ಯಾರೂ ಕೇಳದ, ಕೇಳಬೇಕಾದ ಪ್ರಶ್ನೆಯೊಂದಿದೆ: ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಈ ಊರಿನಲ್ಲಿ ಇವು ಕೊಳೆಯದಂತೆ ಹೇಗೆ ನೋಡಿಕೊಳ್ಳುತ್ತೀರಿ? ಇದನ್ನು ಯಾರಾದರೂ ಕೇಳಿದ್ದರೆ ಎಷ್ಟೋ ಅಟ್ಟಗಳ ಮೇಲಿನ ಟ್ರಂಕುಗಳು ಉಳಿಯುತ್ತಿದ್ದವು.

ನಾನೇ ಒಂದನ್ನು ಹಾಳು ಮಾಡಿ ಕಲಿತೆ. ನೌಕಾನೆಲೆಗಾಗಿ ಅರ್ಗಾ ಕಡೆಯ ಮನೆಗಳು ಖಾಲಿಯಾಗುತ್ತಿದ್ದ ವರ್ಷಗಳಲ್ಲಿ, ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಯವರು ಹೊರಡುವಾಗ ಒಂದು ಖಾಕಿ ಉಣ್ಣೆಯ ಜಾಕೀಟನ್ನು ನನಗೆ ಕೊಟ್ಟರು. ನನ್ನ ಸಂಗ್ರಹದ ಮೊದಲ ಬಟ್ಟೆ ಅದು. ಗುಂಡಿಗಳಿಗೆ ಕಿಲುಬು ಹತ್ತಿತ್ತು. ದೀಪದ ಕಂಬ ತಿಕ್ಕಿದಂತೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಗುಂಡಿಗಳೇನೋ ಬಂಗಾರದಂತೆ ಹೊಳೆದವು. ಹುಳಿ ಬಟ್ಟೆಗೆ ಇಳಿದು ಮರುವರ್ಷ ಪ್ರತಿ ಗುಂಡಿಯ ಸುತ್ತ ಕಂದು ಬಳೆಯೊಂದು ಮೂಡಿತು, ಅದರ ಮರುವರ್ಷ ಆ ಬಳೆಯ ಜಾಗದಲ್ಲಿ ಎಳೆಗಳು ಬಿಟ್ಟುಕೊಂಡವು. ಸಿಪಾಯಿಗಳು ಗುಂಡಿಯ ಹಿಂದೆ ಸೀಳಿರುವ ಹಿತ್ತಾಳೆಯ ಪಟ್ಟಿಯೊಂದನ್ನು ತೂರಿಸಿ, ಬಟ್ಟೆಗೆ ಏನೂ ತಾಗದಂತೆ ತಿಕ್ಕುತ್ತಿದ್ದರೆಂಬುದು ನನಗೆ ಆಮೇಲೆ ತಿಳಿಯಿತು. ಈಗ ನಾನು ತಿಕ್ಕುವುದೇ ಇಲ್ಲ. ಒಣ ಬಟ್ಟೆಯಿಂದ ಒರೆಸಿ, ಗುಂಡಿಗೂ ಬಟ್ಟೆಗೂ ನಡುವೆ ಪಾಲಿಯೆಸ್ಟರ್ ಹಾಳೆಯ ಸಣ್ಣ ತುಂಡು ಇಡುತ್ತೇನೆ.

ಗಾಳಿಯ ತೇವ ಶೇಕಡಾ 65 ದಾಟಿದರೆ ಬೂಷ್ಟು ಬೆಳೆಯುತ್ತದೆ. ಜುಲೈಯಲ್ಲಿ ನಮ್ಮ ಹೊರಕೋಣೆಯ ಮಾಪಕ 90 ತೋರಿಸುತ್ತದೆ. ಆದ್ದರಿಂದ ಜೂನ್ ಮೊದಲ ವಾರದಿಂದ ಸೆಪ್ಟೆಂಬರಿನವರೆಗೆ ತೇವ ಹೀರುವ ಯಂತ್ರ ಓಡುತ್ತಲೇ ಇರುತ್ತದೆ, ಎರಡು ಹೊತ್ತು ಅದರ ನೀರು ಚೆಲ್ಲಬೇಕು. ಉಣ್ಣೆಗೆ ನುಸಿಯ ಸಂಶಯ ಬಂದರೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಎರಡು ವಾರ ಫ್ರೀಜರಿನಲ್ಲಿಡುತ್ತೇನೆ; ಹೊರತೆಗೆದ ಮೇಲೆ ಒಂದು ದಿನ ಬಿಚ್ಚುವುದಿಲ್ಲ, ಬಿಚ್ಚಿದರೆ ತಣ್ಣನೆಯ ಉಣ್ಣೆಯ ಮೇಲೆ ಗಾಳಿಯ ನೀರು ಕೂರುತ್ತದೆ. ಬಂಗಡೆಯ ಪಕ್ಕದಲ್ಲಿ ಸೈನಿಕನ ಕಾಲುಚೀಲ ಕಂಡು ನನ್ನ ಸೊಸೆ ಒಮ್ಮೆ ಕೂಗಿಕೊಂಡಿದ್ದಳು. ಈಗ ಅವಳೇ ಸುತ್ತಿಡುತ್ತಾಳೆ. ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ. ತಂತಿಯ ಹ್ಯಾಂಗರ್ ಸರ್ವಥಾ ಬೇಡ, ಭಾರದ ಕೋಟಿನ ಭುಜ ಹರಿಯುತ್ತದೆ. ನಾನು ಮರದ ಹ್ಯಾಂಗರಿಗೆ ಹತ್ತಿ ತುಂಬಿ, ತೊಳೆದ ಕೋರಾ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಿದ್ದೇನೆ.

ಇಷ್ಟು ಹತ್ತಿರದಿಂದ ನೋಡಿದವರಿಗೆ ಕಾಣುವುದೇ ಬೇರೆ. ಬೆಳಗಾವಿಯ ಗುಜರಿ ಅಂಗಡಿಯಲ್ಲಿ ಸಿಕ್ಕ ಮೇಜರ್ ಒಬ್ಬರ ಅಂಗಿಯ ಭುಜಪಟ್ಟಿಯಲ್ಲಿ ಅಶೋಕನ ಸಿಂಹಗಳ ಲಾಂಛನವಿದೆ. ಅದನ್ನು ಬಿಚ್ಚಿ ಒರೆಸುವಾಗ, ಅದರ ತೂತುಗಳಿಂದ ಒಂದು ಜೋಳದ ಕಾಳಿನಷ್ಟು ದೂರದಲ್ಲಿ, ಎಳೆ ಮುಚ್ಚಿಕೊಂಡ ಹಳೆಯ ತೂತುಗಳು ಕಂಡವು. 1950ರ ಜನವರಿ 26ಕ್ಕೆ ಮೊದಲು ಅಲ್ಲಿದ್ದದ್ದು ಬ್ರಿಟಿಷ್ ಅರಸನ ಕಿರೀಟ. ಹೊಸ ಅಂಗಿ ಹೊಲಿಸಿಕೊಳ್ಳದೆ, ಅದೇ ಅಂಗಿಯ ಕಿರೀಟ ಕಿತ್ತು ಸಿಂಹ ಹಚ್ಚಿಕೊಂಡು ಕೆಲಸಕ್ಕೆ ಹೋಗಿದ್ದಾರೆ. ಇದನ್ನು ತೋರಿಸಿ ಎಂದು ಈವರೆಗೆ ಯಾರೂ ಕೇಳಿಲ್ಲ.

ಅಂಕೋಲೆಯ ನೆಂಟರು ಪೂಜೆಯಾದ ತಿಂಗಳ ಮೇಲೆ ಮತ್ತೊಮ್ಮೆ ಬಂದರು. ಬೆರ್ಚಪ್ಪನ ಕೋಟಿನ ಒಂದು ಹಿತ್ತಾಳೆ ಗುಂಡಿ ಹಳೆಯ ಹೊಲಿಗೆ ಡಬ್ಬದಲ್ಲಿ ಸಿಕ್ಕಿತೆಂದು ಕಾಗದದಲ್ಲಿ ಕಟ್ಟಿ ತಂದಿದ್ದರು. ಒಂದು ಕಡೆ ಸಿಂಹ, ಇನ್ನೊಂದು ಕಡೆ ಒಂಟಿಕೊಂಬಿನ ಕುದುರೆ, ಅಂಚಿನಲ್ಲಿ ಹಸಿರು ಕಿಲುಬು. "ತಿಕ್ಕಿ ತರೋಣ ಅಂದುಕೊಂಡೆ, ಅತ್ತಿಗೆ" ಎಂದರು. ತಿಕ್ಕದೆ ತಂದದ್ದು ನನ್ನ ಪುಣ್ಯ. ನಿಮ್ಮ ಅಟ್ಟದ ಮೇಲೂ ಅಂಥ ಟ್ರಂಕು ಇದ್ದರೆ ಮೇ ತಿಂಗಳ ಒಣಹವೆ ಇರುವಾಗಲೇ ಇಳಿಸಿ, ನೆರಳಿನಲ್ಲಿ ಬಿಚ್ಚಿ, ಕಿಸೆಗಳನ್ನು ಮೆಲ್ಲಗೆ ನೋಡಿ. ತೊಳೆಯಬೇಡಿ. ಹುಣಸೆಹಣ್ಣನ್ನು ಅಡುಗೆಮನೆಯಿಂದ ಹೊರಗೆ ತರಬೇಡಿ.