ಕಂದಕದ ಮಾದರಿ: ನಾಲ್ಕನೆಯ ವಾರ

ಮೂರು ವಾರ ಥರ್ಮೋಕೋಲ್ ಕೊರೆದು ಮಾಡಿದ್ದ ಕಂದಕವನ್ನು ಭಾನುವಾರ ನಾನೇ ಮುಚ್ಚಿದೆ. ತಪ್ಪು ನನ್ನದೇ. ಕಂದಕವೆಂದರೆ ಆಳುದ್ದದ ಗುಂಡಿ ಎಂದುಕೊಂಡು ಕೆಲಸ ಶುರುಮಾಡಿದ್ದೆ. ನಾನು ಮಾಡಹೊರಟಿರುವುದು ಮೊದಲ ಮಹಾಯುದ್ಧದ, 1914ರ ನವೆಂಬರ್‌ನ ಒಂದು ರಾತ್ರಿ: ಉತ್ತರ ಫ್ರಾನ್ಸ್‌ನ ನವ್ ಶಪೆಲ್ ಸುತ್ತಮುತ್ತ, ಬ್ರಿಟಿಷರ ಭಾರತೀಯ ಸೇನೆಯ ಲಾಹೋರ್ ಡಿವಿಷನ್ನಿನ 47ನೇ ಸಿಖ್ ರೆಜಿಮೆಂಟಿನ ಮೂವರು ಸಿಪಾಯಿಗಳು ಪಹರೆ ಕೂತಿದ್ದಾರೆ. ಅಲ್ಲಿ ಮೊಣಕಾಲುದ್ದ ಅಗೆದರೆ ನೀರು ಜಿನುಗುತ್ತಿತ್ತು. ಹಾಗಾಗಿ ಸ್ವಲ್ಪವೇ ಅಗೆದು, ಮಿಕ್ಕಿದ್ದನ್ನು ಮಣ್ಣಿನ ಚೀಲ ಪೇರಿಸಿ ಎತ್ತರಿಸುತ್ತಿದ್ದರು.

ಈಗ ಚೀಲಗಳ ಸರದಿ. ಎಂ-ಸೀಲ್ ನಾದಿ, ಕಡಲೆಬೇಳೆಗಿಂತ ತುಸು ದೊಡ್ಡ ಉಂಡೆ ಮಾಡಿ, ಹಳೆಯ ಕರ್ಚೀಫಿನ ಮೇಲೆ ಒತ್ತಿದರೆ ನೇಯ್ಗೆಯ ಗುರುತು ಮೂಡುತ್ತದೆ. ಇದುವರೆಗೆ ನೂರಾ ಹತ್ತು ಆಗಿವೆ. ಬೆರಳ ತುದಿಗಳು ಉರಿಯುತ್ತಿವೆ.

ಸೈನಿಕರ ಗೊಂಬೆಗಳು ಸಿದ್ಧ ಕಿಟ್‌ನಲ್ಲಿ ಬಂದವು, ತಲೆಗೆ ಉಕ್ಕಿನ ಟೋಪಿ ಸಮೇತ. ಆ ಟೋಪಿ ಬ್ರಿಟಿಷ್ ಸೇನೆಗೆ ಬಂದದ್ದೇ 1915ರ ಕೊನೆಯಲ್ಲಿ. ಆ ವೇಳೆಗೆ ಭಾರತದ ಕಾಲಾಳುಗಳನ್ನು ಫ್ರಾನ್ಸ್‌ನಿಂದ ಮೆಸೊಪೊಟೇಮಿಯಾ (ಇಂದಿನ ಇರಾಕ್) ಕಡೆಗೆ ಸಾಗಿಸುತ್ತಿದ್ದರು. ಶತ್ರುವಿನ ಗುಂಡೇಟಿಗೂ ತಲೆಗೂ ನಡುವೆ ಇದ್ದದ್ದು ಪೇಟದ ಬಟ್ಟೆ ಮಾತ್ರ. ಟೋಪಿಗಳನ್ನು ಉಜ್ಜಿ ತೆಗೆದು, ಫೆವಿಕಾಲ್ ನೀರಿನಲ್ಲಿ ನೆನೆಸಿದ ಟಿಶ್ಯೂ ಕಾಗದ ಸುತ್ತಿದೆ. ಐದು ಮೀಟರ್ ಪೇಟ 1:35 ಅಳತೆಯಲ್ಲಿ ಹದಿನಾಲ್ಕು ಸೆಂಟಿಮೀಟರ್ ಆಗಬೇಕು. ಅಷ್ಟನ್ನೂ ಸುತ್ತಿದರೆ ತಲೆ ಕುಂಬಳಕಾಯಿ! ಕಾಗದದ ದಪ್ಪ ಲೆಕ್ಕಕ್ಕೆ ಬಗ್ಗುವುದಿಲ್ಲ. ಆರಕ್ಕೆ ನಿಲ್ಲಿಸಿದೆ.

ಕಿಟ್‌ನ ಬಂದೂಕು ಮಾತ್ರ ಸರಿಯಿದೆ. ಸಿಪಾಯಿಗಳು ಫ್ರಾನ್ಸ್‌ನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಮೇಲೆ ಹಳೆಯದನ್ನು ವಾಪಸ್ ಪಡೆದು ಹೊಸ ಲೀ-ಎನ್‌ಫೀಲ್ಡ್ ಕೊಟ್ಟಿದ್ದರು. ಕೈ ಪಳಗುವ ಮೊದಲೇ ಯುದ್ಧ.

ಬಾಂಬುಗಳಿಗೆ ಬಾಲ್‌ಪೆನ್ ರೀಫಿಲ್ ಕತ್ತರಿಸಿದ್ದೇನೆ. ಜಾಮ್ ತಿಂದು ಬಿಸಾಡಿದ ಡಬ್ಬಿಗೆ ಸಿಡಿಮದ್ದು, ಮೊಳೆ ತುಂಬಿ, ಬತ್ತಿ ಇಟ್ಟು ಎಸೆಯುತ್ತಿದ್ದ ಕಾಲ ಅದು. ಮಳೆಯಲ್ಲಿ ಬೆಂಕಿಕಡ್ಡಿ ಹತ್ತಬೇಕಲ್ಲ!

"ಬೆಂಗಳೂರು ಟಾರ್ಪಿಡೋ ಇಡು ಮಾವ, ನಮ್ಮೂರಿನದಲ್ಲವೇ?" ಎಂದ ಅಕ್ಕನ ಮಗ. ಹೌದು, 1912ರಲ್ಲಿ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಇಂಜಿನಿಯರ್ ದಳದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಇಲ್ಲಿಯೇ ರೂಪಿಸಿದ್ದು. ಆದರೆ ಅದು ಮುಳ್ಳುತಂತಿ ಸಿಡಿಸಿ ದಾರಿ ಮಾಡುವ ಕೊಳವೆ. ನನ್ನ ಮೂವರು ಎಲ್ಲಿಗೂ ಹೊರಟಿಲ್ಲ, ಬೆಳಗಾಗುವುದನ್ನು ಕಾಯುತ್ತಿದ್ದಾರೆ. ಇಡಲಿಲ್ಲ.

ಕೆಸರಿಗೆ ಪ್ಲಾಸ್ಟರ್ ಜೊತೆ ಒಣಗಿದ ಚಹಾ ಚರಟ, ನಿಂತ ನೀರಿಗೆ ವಾರ್ನಿಷ್. ಅದಿನ್ನೂ ಅಂಟುತ್ತಿದೆ. ಧೂಳು ಕೂರದಂತೆ ಮೇಲೊಂದು ಸ್ಟೀಲ್ ಬೋಗುಣಿ ಬೋರಲು ಹಾಕಿದ್ದೇನೆ.