ಹಮಾಲನಿಗೆ ಗೊತ್ತಿತ್ತು, ಬೋರ್ಡಿಗೆ ಗೊತ್ತಿರಲಿಲ್ಲ

ಸೋಮವಾರ ರಾತ್ರಿ ಅತ್ತೆಯನ್ನು ಹುಬ್ಬಳ್ಳಿ ಗಾಡಿ ಹತ್ತಿಸಿ ಬಂದೆ. ಅವಳು ಊರು ಮುಟ್ಟಿ ದಿನಗಳಾದವು. ಪ್ಲಾಟ್‌ಫಾರ್ಮಿನಲ್ಲಿ ಕೂತು ಕೇಳಿದ ಪ್ರಶ್ನೆ ಮಾತ್ರ ಇಲ್ಲೇ ಬಿಟ್ಟು ಹೋಗಿದ್ದಾಳೆ.

ಇಂಡಿಕೇಟರ್ ಬೋರ್ಡು ಐದನೇ ಪ್ಲಾಟ್‌ಫಾರ್ಮ್ ಅನ್ನುತ್ತಿತ್ತು. ಮೊಣಕಾಲು ನೋವಿನ ಅತ್ತೆಯನ್ನು ಮೆಟ್ಟಿಲಿಳಿಸಿ, ಸೂಟ್‌ಕೇಸು, ಚೀಲ, ಮುಂಬಯಿಯಿಂದ ಯಾಕೆ ಒಯ್ಯಬೇಕೋ ನನಗಿನ್ನೂ ತಿಳಿಯದ ಸ್ಟೀಲ್ ಡಬ್ಬಿಗಳ ಗಂಟು, ಎಲ್ಲ ಬೆಂಚಿನ ಬುಡಕ್ಕೆ ಇಟ್ಟಿದ್ದೆ. ಕೆಂಪಂಗಿಯ ವಯಸ್ಸಾದ ಹಮಾಲನೊಬ್ಬ ಬಂದು, "ಮಾವಶೀ, ಇಥೇ ನಕಾ ಬಸೂ" (ಚಿಕ್ಕಮ್ಮಾ, ಇಲ್ಲಿ ಕೂರಬೇಡಿ) ಎಂದ. ಗಾಡಿ ಏಳನೇ ಪ್ಲಾಟ್‌ಫಾರ್ಮಿಗೆ ಬರುತ್ತದಂತೆ. ನಾನು ಇಂಡಿಕೇಟರ್ ತೋರಿಸಿದೆ. ಅವನು ಅದರತ್ತ ತಿರುಗಿಯೂ ನೋಡದೆ ಏಳರ ಕಡೆ ಗದ್ದ ಚಾಚಿದ. ಅಲ್ಲಿ ಪಾರ್ಸಲ್ ಹುಡುಗರು ಕೈಗಾಡಿ ತಳ್ಳಿಕೊಂಡು ಹೋಗುತ್ತಿದ್ದರು, ನೀರಿನ ಬಾಟಲಿಗಳ ಕಟ್ಟುಗಳು ಆಗಲೇ ಅಂಚಿನಲ್ಲಿ ಪೇರಿಸಿದ್ದವು. ಪಕ್ಕದಲ್ಲಿದ್ದ ಹುಡುಗ ಮೊಬೈಲ್ ಮುಂದೆ ಹಿಡಿದು "ಆ್ಯಪ್‌ನಲ್ಲೂ ಐದೇ ಇದೆ ಅಂಕಲ್" ಅಂದ. ಕೇಳದಿದ್ದರೂ ಸಲಹೆ ಕೊಡುವ ಜಾತಿ.

ಅತ್ತೆ ಇಬ್ಬರ ಮಾತಿಗೂ ಕಾಯಲಿಲ್ಲ, ಎದ್ದೇಬಿಟ್ಟಳು.

ಸುಮಾರು ಅರ್ಧ ಗಂಟೆ ಏಳರಲ್ಲಿ ಕೂತಿದ್ದೆವು. ದೂರದಲ್ಲಿ ಎಂಜಿನ್ನಿನ ದೀಪ ಕಂಡ ಮೇಲೆ ಮರಾಠಿ, ಹಿಂದಿ, ಇಂಗ್ಲಿಷ್‌ಗಳಲ್ಲಿ ಪ್ರಕಟಣೆ ಬಂತು: ಐದರ ಬದಲು ಏಳು, ತೊಂದರೆಗಾಗಿ ವಿಷಾದ. ಐದರಲ್ಲಿ ಕೂತವರೆಲ್ಲ ಎದ್ದು ಸೇತುವೆಯತ್ತ ನುಗ್ಗಿದರು. ಒಂದು ಚಕ್ರ ಮುರಿದ ಟ್ರಾಲಿಯನ್ನು ಮೆಟ್ಟಿಲು ಮೆಟ್ಟಿಲಿಗೆ ಟಪ್ ಟಪ್ ಕುಟ್ಟಿಸುತ್ತ, ಇನ್ನೊಂದು ಕೈಯಲ್ಲಿ ಮಗುವಿನ ರಟ್ಟೆ ಹಿಡಿದು ಒಬ್ಬಾಕೆ ಇಳಿದಳು. ಮಗುವಿನ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಿಂದೆಯೇ ನಮ್ಮ ಆ್ಯಪ್ ಹುಡುಗ.

ಅತ್ತೆ ನೋಡಿ ನೋಡಿ ಕೇಳಿದಳು: "ಅಲ್ಲೋ ತಮ್ಮಾ, ಆ ಹಮಾಲಗ ಗೊತ್ತಾಗಿದ್ದು ಆ ಬೋರ್ಡಿಗ್ಯಾಕ ಗೊತ್ತಾಗ್ಲಿಲ್ಲ?"

ಉತ್ತರ ಹೊಳೆಯಲಿಲ್ಲ. ಗಾಡಿ ಎಲ್ಲಿದೆ ಎಂಬುದನ್ನು ಇವತ್ತು ಉಪಗ್ರಹವೇ ಹೇಳುತ್ತದೆ. ಇಸ್ರೋ ಜೊತೆ ಸೇರಿ ಎಂಜಿನ್‌ಗಳಿಗೆ ಕೂರಿಸಿದ ಸಾಧನ 30 ಸೆಕೆಂಡಿಗೊಮ್ಮೆ ಜಾಗ, ವೇಗ ಕಳಿಸುತ್ತದೆ. ಆದರೆ ಯಾವ ಪ್ಲಾಟ್‌ಫಾರ್ಮು ಎಂಬುದು ಮನುಷ್ಯರ ತೀರ್ಮಾನ. ಅದು ಒಳಗಿನವರಿಗೆ, ಪಾರ್ಸಲ್‌ನವರಿಗೆ, ಹಮಾಲರಿಗೆ, ನೀರಿನವರಿಗೆ ಮುಟ್ಟಿ, ಟಿಕೆಟ್ ಕೊಂಡವರಿಗೆ ಕಟ್ಟಕಡೆಗೆ ಬರುತ್ತದೆ. ಮಾಹಿತಿ ಇಲ್ಲವೆಂದಲ್ಲ, ಪ್ರಯಾಣಿಕನಿಗೆ ಹೇಳುವುದು ಯಾರ ಕೆಲಸದ ಪಟ್ಟಿಯಲ್ಲೂ ಮೊದಲು ಬರುವುದಿಲ್ಲ. ತೀರ್ಮಾನವಾಗಿರದಿದ್ದರೆ ಬೋರ್ಡಿನಲ್ಲಿ "ಇನ್ನೂ ನಿಗದಿಯಾಗಿಲ್ಲ" ಎಂದು ಹಾಕಲಿ, ಜನ ಮೇಲೆಯೇ ಚಹಾ ಕುಡಿಯುತ್ತ ನಿಲ್ಲುತ್ತಾರೆ. ಐದು ಎಂದು ಠಸ್ಸೆ ಹೊಡೆದು, ಕೊನೆ ಗಳಿಗೆಯಲ್ಲಿ ಸೇತುವೆ ಹತ್ತಿಸುವುದು ಯಾಕೆ? 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆಯಲ್ಲಿ ಮಳೆಗೆ ನಿಂತ ಜನರ ನೂಕುನುಗ್ಗಲಿಗೆ 23 ಜನ ಸತ್ತದ್ದು ಇದೇ ಊರಲ್ಲಿ. ಅವತ್ತಿನ ಕಾರಣಗಳು ಬೇರೆ, ನಿಜ. ಮೆಟ್ಟಿಲು ಕಿರಿದಾದಲ್ಲಿ ಜನರನ್ನು ಓಡಿಸಬಾರದು ಎಂಬುದಕ್ಕೆ ಇನ್ನೆಷ್ಟು ಸಾಕ್ಷಿ ಬೇಕು?

ಮನಸ್ಸು ಮಾಡಿದರೆ ಆಗುತ್ತದೆ. ದಾದರ್ ಸ್ಟೇಷನ್ನಿನಲ್ಲಿ ಸೆಂಟ್ರಲ್ ರೈಲ್ವೆಗೂ ವೆಸ್ಟರ್ನ್ ರೈಲ್ವೆಗೂ ಒಂದೊಂದು ಒಂದನೇ ನಂಬರ್ ಪ್ಲಾಟ್‌ಫಾರ್ಮ್ ಇತ್ತು. ಊರಿಂದ ಬಂದವರಿಗೆ "ಯಾವ ಒಂದು?" ಎಂದು ಬಿಡಿಸಿ ಹೇಳುವಷ್ಟರಲ್ಲಿ ನಮಗೇ ಸುಸ್ತು. 2023ರ ಡಿಸೆಂಬರ್‌ನಲ್ಲಿ ಸೆಂಟ್ರಲ್ ಕಡೆಯವುಗಳಿಗೆ 8ರಿಂದ 14ರವರೆಗಿನ ನಂಬರ್ ಕೊಟ್ಟರು. ಉಪಗ್ರಹ ಬೇಕಾಗಲಿಲ್ಲ, ಬಣ್ಣ ಮತ್ತು ಬೋರ್ಡು ಸಾಕಾಯಿತು.

ಹಮಾಲ ಕೇಳಿದ್ದು ಸಾಮಾನು ಹೊತ್ತ ಕೂಲಿ ಅಷ್ಟೇ. ಹತ್ತು ರೂಪಾಯಿಗೆ ಸೊಪ್ಪಿನವಳ ಜೊತೆ ಜಗಳಕ್ಕೆ ನಿಲ್ಲುವ ಅತ್ತೆ, ಅವನ ಕೈಗೆ ಐವತ್ತು ಹೆಚ್ಚಿಗೆ ಇಟ್ಟಳು.

ಮರುದಿನ ದೂರು ಬರೆದು ಹಾಕಿದೆ. ಉತ್ತರ ಬೇಗನೇ ಬಂತು: ಸದರಿ ಗಾಡಿ ಸರಿಯಾದ ಸಮಯಕ್ಕೇ ಬಂದು, ಸರಿಯಾದ ಸಮಯಕ್ಕೇ ಹೊರಟಿದೆಯಂತೆ. ನಾನು ಕೇಳಿದ್ದು ಗಾಡಿಯ ಸಮಯವಲ್ಲ ಸ್ವಾಮಿ, ಬೋರ್ಡಿನ ಸಮಯ ಎಂದು ಮತ್ತೆ ಬರೆದಿದ್ದೇನೆ.