ಕಾಯಿಲ್ ತಣ್ಣಗಿತ್ತು, ತಗಡು ಸುಡುತ್ತಿತ್ತು

ಪೀಣ್ಯದ ಸಣ್ಣ ಕಂಪನಿಯೊಂದರಲ್ಲಿ ವೈರ್‌ಲೆಸ್ ಚಾರ್ಜರ್ ಮಾಡುವುದು ನನ್ನ ಕೆಲಸ. ಮೊಬೈಲಿನದ್ದಲ್ಲ, ಕಾರ್ಖಾನೆಯೊಳಗೆ ಸಾಮಾನು ಹೊತ್ತು ತಾನೇ ಓಡಾಡುವ ಟ್ರಾಲಿಗಳದ್ದು. ನೆಲದಲ್ಲಿ ಒಂದು ಕಾಯಿಲ್, ಟ್ರಾಲಿಯ ಹೊಟ್ಟೆಯಡಿ ಇನ್ನೊಂದು, ನಡುವೆ ನಾಲ್ಕು ಸೆಂಟಿಮೀಟರ್ ಗಾಳಿ. ಕರೆಂಟ್ 85 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 85 ಸಾವಿರ ಆವರ್ತದಂತೆ, ಹಿಂದೆಮುಂದೆ ಹರಿಯುತ್ತದೆ.

ನಮ್ಮ ಮರದ ಟೇಬಲ್ ಮೇಲೆ ಒಂದು ಕಾಯಿಲ್‌ನಿಂದ ಇನ್ನೊಂದಕ್ಕೆ ಕೊಟ್ಟ ಪವರ್‌ನಲ್ಲಿ ಶೇ. 94ರಷ್ಟು ದಾಟುತ್ತಿತ್ತು. ಟ್ರಾಲಿಗೆ ಕೂರಿಸಿದ ದಿನ ಶೇ. 83. ಐನೂರು ವ್ಯಾಟ್ ಕೊಟ್ಟರೆ 85 ವ್ಯಾಟ್ ಎಲ್ಲೋ ಮಾಯ!

ನಾನು ತಂತಿಯನ್ನು ಅನುಮಾನಿಸಿದೆ. ಅದಕ್ಕೆ ಕಾರಣವೂ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ದಪ್ಪ ಒಂಟಿ ತಾಮ್ರದ ತಂತಿಯಲ್ಲಿ ಕಾಯಿಲ್ ಸುತ್ತಿಸಿ ಬೈಸಿಕೊಂಡಿದ್ದೆ. ಈ ಫ್ರೀಕ್ವೆನ್ಸಿಯಲ್ಲಿ ಹೆಚ್ಚಿನ ಕರೆಂಟ್ ತಾಮ್ರದ ಮೇಲ್ಮೈಯ ಸುಮಾರು 0.22 ಮಿಲಿಮೀಟರ್‌ನಲ್ಲೇ ಹರಿಯುತ್ತದೆ, ಒಳಗಿನ ತಾಮ್ರ ವ್ಯರ್ಥ. ಅದಕ್ಕೇ ಲಿಟ್ಜ್ ವೈರ್: ಕೂದಲಿನಂಥ ನೂರಾರು ಎಳೆ, ಪ್ರತಿ ಎಳೆಗೂ ಕರೆಂಟ್ ತಡೆಯುವ ಬೇರೆ ಎನಾಮಲ್ ಲೇಪ. ತುದಿಯನ್ನು ಸಾಲ್ಡರ್ ಪಾಟ್‌ನಲ್ಲಿ, ಅಂದರೆ ಕರಗಿದ ಬೆಸುಗೆಯಲ್ಲಿ, ಅದ್ದುವಾಗ ಒಂದಷ್ಟು ಎಳೆಗಳ ಎನಾಮಲ್ ಸುಡದೆ ಉಳಿದರೂ ಅಷ್ಟು ತಾಮ್ರ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಇನ್ನೂ ಹೆಚ್ಚು ಎಳೆಯ ವೈರ್ ತರಿಸಿದೆ, ತುದಿಗಳನ್ನೆಲ್ಲ ಮತ್ತೆ ಅದ್ದಿಸಿದೆ. ಮೂರು ವಾರ ಹೋಯಿತು, ಶೇಕಡಾ ಒಂದೂ ಏರಲಿಲ್ಲ.

ನಮ್ಮಲ್ಲಿ ಕಾಯಿಲ್ ಸುತ್ತುವ ಅಕ್ಕ ಒಬ್ಬರಿದ್ದಾರೆ. ಟ್ರಾನ್ಸ್‌ಫಾರ್ಮರ್ ಸುತ್ತಿ ಪಳಗಿದ ಕೈ. ನಾನು ಥರ್ಮಲ್ ಕ್ಯಾಮೆರಾವನ್ನು ಕಾಯಿಲ್‌ಗೇ ಹಿಡಿದು ಕೂತಿದ್ದೆ. ಅವರು ಟ್ರಾಲಿಯ ಮೇಲೆ ಕೈಯೂರಿ ಬಗ್ಗಿದವರು ತಟ್ಟನೆ ಕೈ ತೆಗೆದರು.

"ಸರ್, ಕಾಯಿಲ್ ತಣ್ಣಗೇ ಇದೆ. ತಗಡು ಸುಡ್ತಾ ಇದೆ ನೋಡಿ."

ಇಂಡಕ್ಷನ್ ಒಲೆಯ ಮೇಲೆ ಬಾಣಲೆ ಕಾಯುವ ಕಥೆಯೇ. ಕಾಯಿಲ್‌ನ ಬೆನ್ನಿಗೇ ಉಕ್ಕಿನ ತಳ. ಅದರಲ್ಲಿ ಸುಳಿ ಕರೆಂಟ್ ಹುಟ್ಟಿ ತಗಡನ್ನು ಕಾಯಿಸುತ್ತಿತ್ತು. ಎಲ್‌ಸಿಆರ್ ಮೀಟರ್ ಹಚ್ಚಿದರೆ, ಟೇಬಲ್ ಮೇಲೆ 210 ಇದ್ದ ಕ್ಯೂ (ಕಾಯಿಲ್‌ನ ಗುಣಮಟ್ಟದ ಅಂಕಿ) ಟ್ರಾಲಿಯಡಿಯ ಕಾಯಿಲ್‌ಗೆ ಬರೀ 28.

ಲೆಕ್ಕ ಕಷ್ಟದ್ದಲ್ಲ. ಒಂದು ಕಾಯಿಲ್‌ನ ಕಾಂತಕ್ಷೇತ್ರ ಇನ್ನೊಂದನ್ನು ಎಷ್ಟು ಹಿಡಿಯುತ್ತದೆ ಎನ್ನುವುದು ಕೆ, ಕಾಯಿಲ್ ತಾನೇ ಎಷ್ಟು ಕಡಿಮೆ ನುಂಗುತ್ತದೆ ಎನ್ನುವುದು ಕ್ಯೂ. ಪವರ್ ಎಳೆಯುವ ಲೋಡ್ ಸರಿಯಾಗಿ ಹೊಂದಿದ್ದು ನಷ್ಟ ಕಡಿಮೆಯಿದ್ದರೆ, ಆ ನಷ್ಟ ಹೆಚ್ಚುಕಡಿಮೆ ಎರಡನ್ನು ಇವುಗಳ ಗುಣಲಬ್ಧದಿಂದ ಭಾಗಿಸಿದಷ್ಟು; ಎರಡು ಕಾಯಿಲ್‌ಗಳ ಕ್ಯೂ ಬೇರೆಯಾದರೆ ಅವೆರಡರ ಗುಣಲಬ್ಧದ ವರ್ಗಮೂಲವೇ ಕ್ಯೂ. 2007ರಲ್ಲಿ ಎಂಐಟಿಯವರು ಎರಡು ಮೀಟರ್ ದೂರದಲ್ಲಿ 60 ವ್ಯಾಟ್ ಬಲ್ಬ್ ಉರಿಸಿದಾಗ ಕೆ ತೀರಾ ಸಣ್ಣದು, ಆದರೂ ಸುಮಾರು ಶೇ. 40 ದಾಟಿತು. ಅವರ ಕ್ಯೂ ಸಾವಿರದ ಹತ್ತಿರವಿತ್ತು. ನಾನು ನಮ್ಮ ಕಾಯಿಲ್‌ನ ಕ್ಯೂವನ್ನು ಟೇಬಲ್ ಮೇಲೆ ಒಮ್ಮೆ ಅಳೆದು, ನೋಟ್‌ಬುಕ್‌ನಲ್ಲಿ ಬರೆದು ಮರೆತಿದ್ದೆ.

ಕಾಯಿಲ್‌ಗೂ ತಗಡಿಗೂ ನಡುವೆ ಫೆರೈಟ್ (ಕಬ್ಬಿಣದ ಆಕ್ಸೈಡ್ ಸೆರಾಮಿಕ್) ಬಿಲ್ಲೆ ಜೋಡಿಸಿ, ಅದರ ಹಿಂದೆ ಅಲ್ಯೂಮಿನಿಯಂ ಹಾಳೆ ಹಾಕಿದೆವು. ಬರೀ ಅಲ್ಯೂಮಿನಿಯಂ ಹಾಕಿದ್ದರೆ ಕ್ಷೇತ್ರವನ್ನೇ ತಳ್ಳಿ ಕೆಯನ್ನು ಇಳಿಸುತ್ತಿತ್ತು. ಫೆರೈಟ್ ಕ್ಷೇತ್ರಕ್ಕೆ ದಾರಿ ಕೊಡುತ್ತದೆ, ಸೋರಿದ್ದನ್ನು ಅಲ್ಯೂಮಿನಿಯಂ ಹೆಚ್ಚು ಕಾಯದೆ ತಡೆಯುತ್ತದೆ. ಬಿಲ್ಲೆಗಳೋ ಹಪ್ಪಳ, ಮೊದಲ ದಿನವೇ ನಾಲ್ಕು ಒಡೆದೆ. ಜೋಡಿಸಿದ ಮೇಲೆ ಕಾಯಿಲ್‌ನ ಇಂಡಕ್ಟೆನ್ಸ್ ಏರಿ, 85 ಕಿಲೋಹರ್ಟ್ಸ್‌ಗೆ ಹೊಂದಿಸಿದ್ದ ಟ್ಯೂನಿಂಗ್ ಕೆಟ್ಟಿತು, ಕೆಪ್ಯಾಸಿಟರ್ ಬದಲಿಸಬೇಕಾಯಿತು. ಕೊನೆಗೆ ಕ್ಯೂ 150, ದಾಟಿದ್ದು ಶೇ. 93.

ಈಗ ಕೊಟೇಶನ್ ಕೊಡುವ ಮೊದಲೇ ಗ್ರಾಹಕರಿಂದ ಟ್ರಾಲಿಯ ತಳದ ತಗಡಿನ ತುಂಡೊಂದನ್ನು ತರಿಸಿಕೊಂಡು, ಅದರಡಿ ಕಾಯಿಲ್ ಇಟ್ಟೇ ಅಳೆಯುತ್ತೇನೆ. ಸಾಗಣೆ ಖರ್ಚಿಗೆ ಅಕೌಂಟ್ಸ್‌ನವರು ಗೊಣಗುತ್ತಾರೆ. ಬೆಂಚಿನ ಪಕ್ಕ ಏಳು ತಗಡು ಬಿದ್ದಿವೆ. ಗುಜರಿಯವನು ಬಂದಾಗಲೆಲ್ಲ ಅವನ್ನೇ ನೋಡುತ್ತಾನೆ. ಅಕ್ಕ ಮಾತ್ರ, "ಅವು ಸರ್‌ದು, ಮುಟ್ಬೇಡ" ಅಂತ ಕಳಿಸಿಬಿಡುತ್ತಾರೆ.